ಕಪ್ಪು ಗೀರಿದರೆ ಡೋಲಿನ ಸದ್ದು

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಕೆನ್ನೆ. ಮಕ್ಕಳ ಚಿತ್ರಪುಸ್ತಕದಲ್ಲಿ ಪಿಯಾನೋ ಮುಂದೆ ಕೂತ ಒಬ್ಬ ಸೊಗಸುಗಾರನ ಕೆನ್ನೆ. ಕೈಯಳತೆ ದೂರದಲ್ಲಿ ಹಿಡಿದರೆ ದೀಪದ ಬೆಳಕು ಬಿದ್ದು ಹೊಳೆಯುವ ತುಂಬುಗೆನ್ನೆ. ಹತ್ತಿರ ತಂದೆ, ಕೆನ್ನೆ ಮಾಯ! ಬರೀ ಗೀರುಗಳು. ಒಂದರ ಪಕ್ಕ ಒಂದು, ಬಾಚಣಿಗೆಯಲ್ಲಿ ಎಳೆದ ಹಾಗೆ ಬಾಗಿ ಬಳುಕಿ ಹೋಗುವ ಸಣ್ಣ ಸಣ್ಣ ಗೀರುಗಳು. ಮತ್ತೆ ದೂರ ಹಿಡಿದೆ, ಕೆನ್ನೆ ಬಂತು. ಹತ್ತಿರ ತಂದೆ, ಹೋಯಿತು. ಹೀಗೆ ಐದಾರು ಸಲ ಮಾಡಿದ್ದನ್ನು ನೋಡಿ ಪಕ್ಕದ ಬೀನ್ ಬ್ಯಾಗಿನಲ್ಲಿ ಬಿದ್ದುಕೊಂಡಿದ್ದ ಮೊಮ್ಮಗಳು, "ತಾತ, ನಿನಗೆ ಕನ್ನಡಕ ಬದಲಾಯಿಸ್ಬೇಕು" ಅಂದಳು.

ಕನ್ನಡಕದ ದೋಷವಲ್ಲ ಕಣಮ್ಮ. ಮೂವತ್ತೊಂದು ವರ್ಷ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ, ಪ್ರೂಫ್ ತಿದ್ದಿ, ಬ್ಲಾಕುಗಳ ಮಸಿ ಒರೆಸಿದ ಕಣ್ಣು ಇದು. ಅಚ್ಚಾದ ಚಿತ್ರ ಕಂಡರೆ ಚಿತ್ರಕ್ಕಿಂತ ಮೊದಲು ಅದನ್ನು ಹೇಗೆ ಮಾಡಿದರು ಅನ್ನುವುದೇ ಕಾಣುತ್ತದೆ. ಇದು ಪೆನ್ನಿನದಲ್ಲ, ಕುಂಚದ್ದಂತೂ ಅಲ್ಲ. ಮರ ಕೆತ್ತಿ ತೆಗೆದ ಅಚ್ಚು ಅನ್ನೋಣವೆಂದರೆ ಮರ ಗೆರೆಗಳನ್ನು ಇಷ್ಟು ಸಲೀಸಾಗಿ ತಿರುಗಲು ಬಿಡುವುದಿಲ್ಲ, ಕೈಗೆ ಎದುರು ನಿಲ್ಲುತ್ತದೆ. ಇಲ್ಲಿ ಗೀರುಗಳು ಮಳೆನೀರು ಇಳಿಜಾರು ಹುಡುಕಿಕೊಂಡು ಹರಿದ ಹಾಗೆ ಹರಿದಿವೆ. ಮೇಲಾಗಿ ಬಣ್ಣ! ಪಿಯಾನೋದಿಂದಲೂ ತುತ್ತೂರಿಗಳ ಬಾಯಿಂದಲೂ ಸುರುಳಿ ಸುರುಳಿಯಾಗಿ ಎದ್ದು ಹಾಳೆ ತುಂಬ ಸುತ್ತುತ್ತಿರುವ ಬಣ್ಣ.

ಮಗಳ ಮನೆಗೆಂದು ನ್ಯೂಜೆರ್ಸಿಗೆ ಬಂದು ಮೂರು ವಾರ ಆಗಿತ್ತು. ಬೆಳಿಗ್ಗೆ ಮೊಮ್ಮಗಳನ್ನು ಲೈಬ್ರರಿಗೆ ಕರೆದುಕೊಂಡು ಹೋಗುವುದು ನನ್ನ ಡ್ಯೂಟಿ. ಅಲ್ಲಿ ಮಕ್ಕಳ ಕಪಾಟಿನ ಮುಂದೆ, ಮೊಣಕಾಲೆತ್ತರದ ಕುರ್ಚಿಯ ಮೇಲೆ ಕೂತಾಗಲೇ ಇದು ನಡೆದದ್ದು. ಪುಸ್ತಕದ ಮೊದಲ ಪುಟದ ಸಣ್ಣ ಅಕ್ಷರ ಓದುವುದು ಪ್ರೆಸ್ಸಿನವರ ಚಟ. ತಿರುವಿದೆ. ಚಿತ್ರಗಳನ್ನು ಸ್ಕ್ರ್ಯಾಚ್‌ಬೋರ್ಡಿನ ಮೇಲೆ ಲೂಮಾ ಡೈ, ಗ್ವಾಷ್, ತೈಲವರ್ಣ ಬಳಸಿ ಮಾಡಿದ್ದು ಎಂದಿತ್ತು. ಕಲಾವಿದನ ಹೆಸರು ಬ್ರಯಾನ್ ಪಿಂಕ್ನಿ. ಬರಹ ಅವರ ಹೆಂಡತಿ ಆಂಡ್ರಿಯಾ ಡೇವಿಸ್ ಪಿಂಕ್ನಿ ಅವರದು. ಪುಸ್ತಕ ಜಾಜ್ ದೊರೆ ಡ್ಯೂಕ್ ಎಲಿಂಗ್ಟನ್ ಬಗ್ಗೆ, 1998ರಲ್ಲಿ ಬಂದದ್ದು. ಮುಂದಿನ ವರ್ಷ ಅಮೆರಿಕದ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡಿಕಾಟ್ ಗೌರವ ಅದಕ್ಕೆ ಸಂದಿದೆ. ಅಂದರೆ ನಾನು 'ಕಂಡುಹಿಡಿದೆ' ಎಂದು ಕುಣಿಯುತ್ತಿದ್ದುದನ್ನು ಈ ದೇಶದ ಮಕ್ಕಳೆಲ್ಲ ನೋಡಿ ಇಪ್ಪತ್ತೈದು ವರ್ಷದ ಮೇಲಾಗಿದೆ. ಆಗಲಿ, ನನಗೆ ಹೊಸದು!

ಈ ಸ್ಕ್ರ್ಯಾಚ್‌ಬೋರ್ಡ್ ಎಂದರೇನು ಎಂದು ಹೇಳದಿದ್ದರೆ ನನ್ನ ಕುಣಿತ ನಿಮಗೆ ಅರ್ಥವಾಗುವುದಿಲ್ಲ. ಒಂದು ಹಲಗೆ ಅಥವಾ ದಪ್ಪ ರಟ್ಟು. ಅದರ ಮೇಲೆ ನಯವಾದ ಬಿಳಿ ಚೀನಾ ಜೇಡಿಯ ಲೇಪ, ಪಿಂಗಾಣಿ ಮಾಡುವ ಕೇಯೋಲಿನ್ ಮಣ್ಣೇ. ಅದರ ಮೇಲೆ ತೆಳ್ಳಗೆ ಕಪ್ಪು ಇಂಡಿಯನ್ ಇಂಕು. (ಚೀನಾದ ಮಣ್ಣು, ಇಂಡಿಯಾದ ಮಸಿ, ಆ ಮಸಿಯನ್ನೂ ಮೊದಲು ಮಾಡಿದ್ದು ಚೀನಾದವರೇ, ಹೆಸರು ಮಾತ್ರ ನಮ್ಮದು.) ಕಲಾವಿದನ ಮುಂದೆ ಇರುವುದು ಅಮಾವಾಸ್ಯೆಯಂಥ ಒಂದು ಕಪ್ಪು ಚೌಕ. ಕೈಯಲ್ಲಿ ಕುಂಚವಿಲ್ಲ, ಚೂಪಾದ ಬ್ಲೇಡು ಅಥವಾ ಸೂಜಿ. ಗೀರಿದಲ್ಲಿ ಕಪ್ಪು ಎದ್ದುಹೋಗಿ ಬಿಳಿ ಮಣ್ಣು ಕಾಣುತ್ತದೆ. ಅಷ್ಟೇ. ಆದರೆ ಆ ಅಷ್ಟರಲ್ಲೇ ಲೋಕ ತಲೆಕೆಳಗಾಗುತ್ತದೆ! ಕಾಗದದ ಮೇಲೆ ಪೆನ್ಸಿಲ್ ಹಿಡಿದವನು ನೆರಳನ್ನು ಬರೆಯುತ್ತಾನೆ, ಬೆಳಕನ್ನು ಹಾಗೇ ಬಿಡುತ್ತಾನೆ. ಇಲ್ಲಿ ಬೆಳಕನ್ನು ಬರೆಯಬೇಕು, ನೆರಳನ್ನು ಬಿಡಬೇಕು. ಮೂಗು ಬರೆಯುವಾಗ ಮೂಗಿನ ಗೆರೆಯಲ್ಲ, ಮೂಗಿನ ಮೇಲೆ ಎಲ್ಲೆಲ್ಲಿ ಬೆಳಕು ಕೂತಿದೆಯೋ ಅದನ್ನು ಗೀರಬೇಕು.

ಗೀರುಹಲಗೆ ಎಂದು ನಾನೇ ಹೆಸರಿಟ್ಟುಕೊಂಡೆ. ಆ ಹೆಸರು ನಾಲಿಗೆಗೆ ಬಂದದ್ದೇ ತಡ, ಬೀದರಿನ ಬಿದ್ರಿ ಕೆಲಸ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ಬೀದರಿನಲ್ಲಿ ಒಬ್ಬ ಕುಶಲಕರ್ಮಿ ಹೂಜಿಯೊಂದನ್ನು ಮೈಲುತುತ್ತದ ನೀರಿನಿಂದ ಉಜ್ಜಿ ಕಪ್ಪು ಮಾಡಿ, ಉಕ್ಕಿನ ಮೊನೆಯಿಂದ ಅದರ ಮೇಲೆ ಬರಿಗೈಯಲ್ಲೇ ಬಳ್ಳಿ ಗೀರುತ್ತಿದ್ದುದನ್ನು ನೋಡಿದ್ದೆ. ಆ ಕಪ್ಪು ತಾತ್ಕಾಲಿಕ. ಗೀರಿದ ಬಳ್ಳಿ ಹೊಳೆದು ಕಾಣಲಿ ಎಂದೇ ಬಳಿಯುವುದು. ಅದರ ಹಾದಿಯಲ್ಲಿ ಬೆಳ್ಳಿ ತಂತಿ ಕೂರಿಸಿದ ಮೇಲೆ ಉಜ್ಜಿ ತೆಗೆಯುತ್ತಾರೆ. ಕೊನೆಗೆ ಬರುವ ಖಾಯಂ ಕಪ್ಪು ಬೀದರ್ ಕೋಟೆಯ ಮಣ್ಣಿನದು. ಬಿದ್ರಿಯೆಂದರೆ ನಮಗೆಲ್ಲ ಬೆಳ್ಳಿ ನೆನಪು. ಬೆಳ್ಳಿಗೂ ಮೊದಲು ಅಲ್ಲೊಂದು ಗೀರುಹಲಗೆಯ ಗಳಿಗೆ ಬಂದು ಹೋಗುತ್ತದೆ ಎಂದು ನನಗೆ ಹೊಳೆದದ್ದು ನ್ಯೂಜೆರ್ಸಿಯ ಮಕ್ಕಳ ಕುರ್ಚಿಯಲ್ಲಿ!

ಸ್ಕ್ರ್ಯಾಚ್‌ಬೋರ್ಡಿಗೂ ನನ್ನ ಕಸುಬಿಗೂ ನೆಂಟಸ್ತಿಕೆ ಇದೆ ಎಂದು ಆಮೇಲೆ ತಿಳಿದು ರೋಮಾಂಚನವಾಯಿತು. ಅದು ಯುರೋಪಿನಲ್ಲಿ 19ನೇ ಶತಮಾನದಲ್ಲಿ ಹುಟ್ಟಿದ್ದೇ ಪ್ರೆಸ್ಸಿಗಾಗಿ. ಮರ ಕೆತ್ತಿ ಅಚ್ಚು ಮಾಡುವುದು ದುಬಾರಿ, ನಿಧಾನ. ಫೋಟೋವನ್ನು ಹಾಫ್‌ಟೋನ್ ಬ್ಲಾಕ್ ಮಾಡಿ ಅಗ್ಗದ ಕಾಗದದ ಮೇಲೆ ಹೊಡೆದರೆ ಬರೀ ಚುಕ್ಕೆಗಳ ಕೆಸರು. (ನಮ್ಮ ಪ್ರೆಸ್ಸಿನಲ್ಲಿ ಒಮ್ಮೆ ಹೀಗೆ ಹೊಡೆದ ಮದುವೆ ಫೋಟೋದಲ್ಲಿ ಮದುಮಗ ಯಾರು, ಮಾವ ಯಾರು ಎಂದು ಗಿರಾಕಿಯೇ ಗುರುತಿಸಲಾಗಲಿಲ್ಲ. ಬಿಲ್ಲಿನಲ್ಲಿ ಹತ್ತು ರೂಪಾಯಿ ಬಿಟ್ಟೆವು.) ಗೀರುಹಲಗೆಯ ಚಿತ್ರದಲ್ಲಿ ಬೂದುಬಣ್ಣವೇ ಇಲ್ಲ. ಒಂದೋ ಕಪ್ಪು, ಇಲ್ಲವೇ ಬಿಳಿ. ಲೈನ್ ಬ್ಲಾಕಿಗೆ ಹೇಳಿಮಾಡಿಸಿದ್ದು. ಅದಕ್ಕೇ ಹಳೆಯ ಜಾಹೀರಾತುಗಳ ಕೈಗಡಿಯಾರ, ಬೂಟು, ಯಂತ್ರಗಳೆಲ್ಲ ಅಷ್ಟು ಚೊಕ್ಕವಾಗಿ ಹೊಳೆಯುತ್ತಿದ್ದವು. ವೈಜ್ಞಾನಿಕ ಕತೆಗಳ ಪತ್ರಿಕೆಗಳಿಗೆ ವರ್ಜಿಲ್ ಫಿನ್ಲೆ ಎಂಬಾತ ಒಂದೊಂದೇ ಚುಕ್ಕೆ, ಒಂದೊಂದೇ ಗೀರು ಇಟ್ಟು ಮಾಡಿದ ಚಿತ್ರಗಳನ್ನು ಜನ ಇವತ್ತಿಗೂ ಹುಡುಕಿ ನೋಡುತ್ತಾರೆ.

ಹಾಗಿದ್ದ ಮೇಲೆ, ಬರೀ ಕಪ್ಪು-ಬಿಳುಪಿನ ಅಚ್ಚಿಗೆಂದು ಹುಟ್ಟಿದ ವಿದ್ಯೆಗೆ ಬಣ್ಣ ತುಂಬಿಸಿದರೆ? ನನ್ನ ಪಾಲಿಗೆ ವಿಸ್ಮಯ ಅದೇ. ಗೀರಿದಾಗ ಕಾಣುವ ಮಣ್ಣು ಬಾಯಾರಿದ ಮಣ್ಣು. ತಿಳಿಯಾದ ಬಣ್ಣದ ದ್ರವ ಸವರಿದರೆ ಕಪ್ಪಿನ ಮೇಲೆ ಅದು ಕಾಣುವುದೇ ಇಲ್ಲ, ಗೀರುಗಳ ಒಳಗೆ ಮಾತ್ರ ಇಳಿದು ಕೂರುತ್ತದೆ. ಇಡೀ ಹಲಗೆಗೆ ಕಂದು ಬಳಿದರೂ ಕಂದಾಗುವುದು ಗೀರು ಮಾತ್ರ. ಅದರ ಮೇಲೆ ಇನ್ನೊಮ್ಮೆ ಗೀರಿದರೆ ಮತ್ತೆ ಬಿಳಿ. ಅದಕ್ಕೆ ಬೇಕಾದರೆ ಹಳದಿ. ಕಪ್ಪಿನ ಮೇಲೇ ಬಣ್ಣ ನಿಲ್ಲಬೇಕೆಂದರೆ ಗ್ವಾಷಿನಂಥ ದಪ್ಪ ಬಣ್ಣ. ಹೀಗೆ ಕಪ್ಪು ಎಲ್ಲಕ್ಕೂ ಹೊಸಿಲಿನ ಹಾಗೆ ನಿಂತಿರುತ್ತದೆ, ಬಣ್ಣಗಳು ಅದನ್ನು ದಾಟಿ ದಾಟಿ ಬರುತ್ತವೆ. ಆ ಕೆನ್ನೆ ಅಷ್ಟು ಬೆಚ್ಚಗೆ ಯಾಕೆ ಕಂಡಿತ್ತು ಎಂಬ ಗುಟ್ಟು ಇಲ್ಲಿತ್ತು. ಕಪ್ಪು ಮೈಬಣ್ಣದ ಮನುಷ್ಯನನ್ನು ಬಿಳಿ ಕಾಗದದ ಮೇಲೆ ಬರೆಯುವವರು ಬಣ್ಣ ಪೇರಿಸಿ ಪೇರಿಸಿ ಕಪ್ಪಿಗೆ ತರುತ್ತಾರೆ. ಇಲ್ಲಿ ಕಪ್ಪು ಮೊದಲಿಂದಲೇ ಇದೆ, ಕಲಾವಿದ ಅದರೊಳಗಿನ ಹೊಳಪನ್ನು ತೆಗೆದು ತೋರಿಸಿದರೆ ಸಾಕು.

ಬ್ರಯಾನ್ ಪಿಂಕ್ನಿ ಹುಟ್ಟಿದ್ದು 1961ರಲ್ಲಿ, ಬಾಸ್ಟನ್ನಿನಲ್ಲಿ. ಅಪ್ಪ ಜೆರ್ರಿ ಪಿಂಕ್ನಿ ಎಂದರೆ ಅಮೆರಿಕದ ಮಕ್ಕಳ ಪುಸ್ತಕಲೋಕದ ದೊಡ್ಡ ತಲೆ, ಜಲವರ್ಣದ ಮಾಂತ್ರಿಕ. ಸಿಂಹ-ಇಲಿಯ ಕತೆಯನ್ನು ಮಾತೇ ಇಲ್ಲದೆ ಚಿತ್ರದಲ್ಲೇ ಹೇಳಿ 2010ರಲ್ಲಿ ಕಾಲ್ಡಿಕಾಟ್ ಪದಕ ಪಡೆದವರು. 2021ರಲ್ಲಿ ತೀರಿಕೊಂಡರು. ಇಂಥ ಅಪ್ಪನ ಮನೆಯಲ್ಲಿ ಹುಡುಗನೂ ಅಪ್ಪನ ಹಾಗೇ ಬರೆಯಬೇಕೆಂದು ಹಟ ಹಿಡಿದ. ಅಮ್ಮ ಬಟ್ಟೆ ಇಡುವ ಪುಟ್ಟ ಕೋಣೆಯೊಂದನ್ನು ಖಾಲಿ ಮಾಡಿ ಅವನಿಗೆ ಸ್ಟುಡಿಯೋ ಮಾಡಿಕೊಟ್ಟರು. ಅಪ್ಪನ ಮೇಜಿನಂಥದ್ದೇ ಮೇಜು, ಅಂಥವೇ ಕುಂಚ, ಅಂಥದ್ದೇ ಕಾಗದ. ಅಮ್ಮಂದಿರು ಎಲ್ಲ ದೇಶದಲ್ಲೂ ಒಂದೇ ಬಿಡಿ! ಮೊದಮೊದಲ ಪುಸ್ತಕಗಳಿಗೆ ಬ್ರಯಾನ್ ಕೂಡ ಜಲವರ್ಣವನ್ನೇ ಬಳಸಿದರು. ಆಮೇಲೆ ನ್ಯೂಯಾರ್ಕಿನ ಸ್ಕೂಲ್ ಆಫ್ ವಿಷುವಲ್ ಆರ್ಟ್ಸ್‌ನಲ್ಲಿ ಮಾಸ್ಟರ್ಸ್ ಓದುವಾಗ ಈ ಕಪ್ಪು ಹಲಗೆ ಕೈಗೆ ಬಂತು. 1990ರಲ್ಲಿ ಬಂದ 'ದ ಬ್ಯಾಲಡ್ ಆಫ್ ಬೆಲ್ ಡಾರ್ಕಸ್' ಹೊತ್ತಿಗೆ ಅವರು ಅಪ್ಪನ ನೀರಿನಿಂದ ಎದ್ದು ತಮ್ಮದೇ ದಡ ಹತ್ತಿಯಾಗಿತ್ತು. ಗೀರುವುದು ತಮಗೆ ಶಿಲ್ಪ ಕಡೆದ ಹಾಗೆ, ಗೆರೆಗಳಿಗೆ ಒಂದು ಲಯ ಸಿಕ್ಕಿಬಿಡುತ್ತದೆ ಎಂಬರ್ಥದ ಮಾತನ್ನು ಅವರು ಆಡಿದ್ದಾರೆ.

ಲಯ! ಬ್ರಯಾನ್ ಪಿಂಕ್ನಿ ಚಿಕ್ಕಂದಿನಿಂದ ಡ್ರಮ್ ಬಾರಿಸುವವರು ಎಂದು ಗೊತ್ತಾದದ್ದೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮತ್ತೆ ಆ ಕೆನ್ನೆಗೆ ಓಡಿದೆ. ಹೌದಲ್ಲ, ಇವು ಗೆರೆಗಳಲ್ಲ, ಪೆಟ್ಟುಗಳು! ಒಂದೇ ಅಳತೆಯ ಪೆಟ್ಟು, ಪೆಟ್ಟು, ಪೆಟ್ಟು, ಥಟ್ಟನೆ ಒಂದು ತಿರುವು, ಮತ್ತೆ ಅದೇ ಅಳತೆ. ಕೋಟಿನ ತೋಳಿನ ಮೇಲೆ ವಿಳಂಬ, ಸುರುಳಿಗಳಲ್ಲಿ ದ್ರುತ. ಅಲ್ಲಿಂದ ಮುಂದೆ ಅವರ ಪುಸ್ತಕಗಳನ್ನು ನೋಡುವುದು ಬಿಟ್ಟು ಕೇಳತೊಡಗಿದೆ ಅನ್ನಬೇಕು.

ಲೈಬ್ರರಿಯವರು ಅವರ ಹೆಸರಿನಲ್ಲಿದ್ದುದನ್ನೆಲ್ಲ ಹುಡುಕಿ ಕೊಟ್ಟರು. ಎಂಟು ಪುಸ್ತಕ ಹೊತ್ತು ಮನೆಗೆ ಬಂದೆವು. ಮೊಮ್ಮಗಳು ಗಟ್ಟಿಯಾಗಿ ಅಪ್ಪಿಕೊಂಡದ್ದು 1994ರ 'ಮ್ಯಾಕ್ಸ್ ಫೌಂಡ್ ಟು ಸ್ಟಿಕ್ಸ್'. ಇದರ ಬರಹವೂ ಪಿಂಕ್ನಿ ಅವರದೇ. ಮ್ಯಾಕ್ಸ್ ಎಂಬ ಹುಡುಗನಿಗೆ ಇವತ್ತು ಯಾರ ಜೊತೆಗೂ ಮಾತಾಡಲು ಮನಸ್ಸಿಲ್ಲ. ಗಾಳಿಗೆ ಮರದಿಂದ ಎರಡು ಕಡ್ಡಿ ಬೀಳುತ್ತವೆ. ಯಾರು ಏನು ಕೇಳಿದರೂ ಕಡ್ಡಿಯಲ್ಲೇ ಉತ್ತರ. ತೊಡೆ, ಬಕೆಟ್ಟು, ಟೋಪಿಯ ಡಬ್ಬ, ಬಾಟಲಿ, ಕಸದ ಡಬ್ಬಿ, ಕೈಗೆ ಸಿಕ್ಕಿದ್ದೆಲ್ಲ ವಾದ್ಯ. ಓದಿ ಮುಗಿಯುವಷ್ಟರಲ್ಲಿ ನಮ್ಮ ಮನೆಯ ಕುಕ್ಕರಿನ ಮುಚ್ಚಳಕ್ಕೆ ಏನಾಯಿತೆಂದು ಹೇಳಬೇಕಿಲ್ಲ. "ಅಪ್ಪ, ಇಂಥ ಪುಸ್ತಕ ಯಾಕೆ ತಂದೆ?" ಎಂದು ಮಗಳು ಆಫೀಸ್ ಮೀಟಿಂಗಿನ ನಡುವೆ ಬಂದು ಬೈದಳು.

'ದ ಫೇತ್‌ಫುಲ್ ಫ್ರೆಂಡ್' ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದ ಕತೆ. ಗೆಳೆಯನ ಪ್ರಾಣ ಉಳಿಸಲು ಹೋಗಿ ಕಲ್ಲಾಗುವ ನಿಷ್ಠಾವಂತನದು. 1996ರಲ್ಲಿ ಇದಕ್ಕೂ ಕಾಲ್ಡಿಕಾಟ್ ಗೌರವ ಬಂದಿದೆ. ಈ ಕತೆಯ ಒಡಹುಟ್ಟು 1868ರಲ್ಲಿ ಮೇರಿ ಫ್ರಿಯರ್ ಪ್ರಕಟಿಸಿದ 'ಓಲ್ಡ್ ಡೆಕ್ಕನ್ ಡೇಸ್' ಸಂಗ್ರಹದಲ್ಲೂ ಇದೆ. ಅಲ್ಲಿ ಕಲ್ಲಾಗುವವನ ಹೆಸರು ಲಕ್ಷ್ಮಣ! ಕತೆಗಳಿಗೆ ಪಾಸ್‌ಪೋರ್ಟ್ ಕೇಳುವವರಿಲ್ಲ.

ಇನ್ನು ಆ ಪಿಯಾನೋ ದೊರೆಯ ವಿಷಯ. ಎಲಿಂಗ್ಟನ್ 1899ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದವರು. ಹುಡುಗನಿಗೆ ಚಿತ್ರ ಬರೆಯುವ ಕೈ ಎಷ್ಟಿತ್ತೆಂದರೆ, ಬ್ರೂಕ್ಲಿನ್ನಿನ ಪ್ರಾಟ್ ಇನ್‌ಸ್ಟಿಟ್ಯೂಟಿನಲ್ಲಿ ಕಲೆ ಓದಲು ವಿದ್ಯಾರ್ಥಿವೇತನ ಸಿಕ್ಕಿತ್ತು. ಹೋಗಲಿಲ್ಲ, ಸಂಗೀತ ಎಳೆದುಕೊಂಡಿತು. ಹೊಟ್ಟೆಪಾಡಿಗೆ ಬೋರ್ಡು ಬರೆಯುತ್ತಿದ್ದುದೂ ಉಂಟು. ಬಣ್ಣವನ್ನು ಕೈಬಿಟ್ಟ ಆ ಹುಡುಗ ಮುಂದೆ ತನ್ನ ಸಂಗೀತಕ್ಕೆ ಇಟ್ಟ ಹೆಸರುಗಳನ್ನು ನೋಡಿ: 1930ರ 'ಮೂಡ್ ಇಂಡಿಗೋ', ಅಂದರೆ ನೀಲಿ. 1943ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ದೊಡ್ಡ ಕೃತಿ 'ಬ್ಲ್ಯಾಕ್, ಬ್ರೌನ್ ಅಂಡ್ ಬೇಜ್', ಕಪ್ಪು, ಕಂದು, ತಿಳಿಗಂದು. ಅಮೆರಿಕದ ಕಪ್ಪು ಜನರ ಚರಿತ್ರೆಯನ್ನೇ ಹೇಳಹೊರಟ ಸಂಗೀತ ಅದು. 1927ರಿಂದ ಅವರು ನುಡಿಸುತ್ತಿದ್ದ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲಿದ್ದವರೆಲ್ಲ ಕಪ್ಪು ಕಲಾವಿದರು, ಕೆಳಗೆ ಕೂತು ಕೇಳಲು ಬಿಳಿಯರಿಗೆ ಮಾತ್ರ ಜಾಗ. ಇಂಥವರ ಕತೆಗೆ ಚಿತ್ರ ಬರೆಯುವವನು ಮೊದಲಿಗೆ ಒಂದು ಕಪ್ಪು ಹಲಗೆಯನ್ನು ಮುಂದಿಟ್ಟುಕೊಳ್ಳುತ್ತಾನೆ. ಆಮೇಲೆ ಅದರೊಳಗಿಂದ ಕಂದು ತೆಗೆಯುತ್ತಾನೆ, ತಿಳಿಗಂದು ತೆಗೆಯುತ್ತಾನೆ, ನೀಲಿ ತೆಗೆಯುತ್ತಾನೆ. ಬೇಕೆಂದೇ ಮಾಡಿದರೋ, ಕೂಡಿಬಂತೋ! ನನಗಂತೂ ಮೈ ಝುಂ ಎಂದಿತು.

ಎಂಟರಲ್ಲಿ ನಾನು ಮತ್ತೆ ಮತ್ತೆ ತೆರೆದದ್ದು 'ಇನ್ ದ ಟೈಮ್ ಆಫ್ ದ ಡ್ರಮ್ಸ್'. ಕಿಮ್ ಸೀಗಲ್‌ಸನ್ ಬರೆದದ್ದು, 1999ರದು. ಇದರ ಚಿತ್ರಗಳಿಗೆ 2000ದಲ್ಲಿ ಕೊರೆಟ್ಟಾ ಸ್ಕಾಟ್ ಕಿಂಗ್ ಪ್ರಶಸ್ತಿ ಬಂತು. ಜಾರ್ಜಿಯಾದ ಕರಾವಳಿ ದ್ವೀಪಗಳಲ್ಲಿ ಗುಲಾಮರಾಗಿದ್ದ ಕಪ್ಪು ಜನರ ನಡುವೆ ಟ್ವಿ ಎಂಬ ಅಜ್ಜಿ, ಮೆಂಟು ಎಂಬ ಮೊಮ್ಮಗ. ಅಜ್ಜಿ ಆಫ್ರಿಕದಲ್ಲಿ ಹುಟ್ಟಿದವಳು, ಮೊಮ್ಮಗ ಇಲ್ಲೇ ಹುಟ್ಟಿದವನು. ಅವಳು ಅವನಿಗೆ ಡೋಲು ಕಲಿಸುತ್ತಾಳೆ. ಒಂದು ದಿನ ಹಡಗಿನಲ್ಲಿ ಆಫ್ರಿಕದ ಇಗ್ಬೋ ಜನರನ್ನು ಮಾರಲು ತರುತ್ತಾರೆ. ಅವರು ಇಳಿಯಲು ಒಲ್ಲೆ ಎನ್ನುತ್ತಾರೆ. ಸರಪಳಿಯ ಸಮೇತ ನೀರಿಗೇ ನಡೆದುಬಿಡುತ್ತಾರೆ, ಊರಿಗೆ ಹೊರಟವರ ಹಾಗೆ. ಅಜ್ಜಿಯೂ ಅವರೊಂದಿಗೆ. ಇದರ ಹಿಂದೆ ನಡೆದ ಘಟನೆ ಇದೆ: 1803ರಲ್ಲಿ ಜಾರ್ಜಿಯಾದ ಸೇಂಟ್ ಸೈಮನ್ಸ್ ದ್ವೀಪದಲ್ಲಿ ಸೆರೆಯಾಳುಗಳಾಗಿ ಬಂದ ಇಗ್ಬೋ ಜನ ಗುಲಾಮರಾಗುವುದಕ್ಕಿಂತ ನೀರೇ ಲೇಸೆಂದು ತೊರೆಗೆ ಇಳಿದರು. ಡೋಲಿಗೂ ಒಂದು ಚರಿತ್ರೆ ಉಂಟು. ಪಕ್ಕದ ಸೌತ್ ಕ್ಯಾರೊಲಿನಾದಲ್ಲಿ 1739ರಲ್ಲಿ ಗುಲಾಮರು ಡೋಲು ಬಾರಿಸಿಕೊಂಡು ದಂಗೆ ಎದ್ದದ್ದಕ್ಕೆ, ಮರುವರ್ಷವೇ ಅವರು ಡೋಲು, ಕಹಳೆ ಇಟ್ಟುಕೊಳ್ಳಕೂಡದೆಂದು ಕಾನೂನು ಬಂತು. ಡೋಲಿಗೆ ಹೆದರಿದ ದೊರೆಗಳು!

ಈ ಪುಸ್ತಕದ ನೀರನ್ನು ನೋಡಬೇಕು. ಜಲವರ್ಣದವನಾಗಿದ್ದರೆ ನೀರನ್ನು ನೀರಿನಿಂದಲೇ ತೋರಿಸಬಹುದಿತ್ತು. ಇಲ್ಲಿ ನೀರೂ ಗೀರು, ಆಕಾಶವೂ ಗೀರು, ಅಜ್ಜಿಯ ಮುಖದ ಸುಕ್ಕೂ ಗೀರು. ಎಲ್ಲ ಒಂದೇ ಮೊನೆಯಿಂದ ಬಂದದ್ದು. ನೋಡುತ್ತ ನೋಡುತ್ತ ಅಜ್ಜಿಯ ಸುಕ್ಕು ಎಲ್ಲಿ ಮುಗಿದು ಅಲೆ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ಲೆಕ್ಕ ಸಿಗುವುದಿಲ್ಲ. ಮೊಮ್ಮಗಳು ಕತೆಯ ಕೊನೆಯಲ್ಲಿ, "ಅಜ್ಜಿ ವಾಪಸ್ ಬರ್ತಾಳಾ?" ಎಂದು ಕೇಳಿದಳು. ನಾನು ಪುಟ ತಿರುವಿದೆ.

ನನ್ನ ಕೈ ಸುಮ್ಮನಿದ್ದೀತೇ? ಅದೇ ವಾರ ಮೊಮ್ಮಗಳ ಡ್ರಾಯಿಂಗ್ ಹಾಳೆಗೆ ಮೇಣದ ಬಣ್ಣವನ್ನು ದಟ್ಟವಾಗಿ ಬಳಿದು, ಮೇಲೆ ಕಪ್ಪು ಪೋಸ್ಟರ್ ಕಲರ್ ಹಚ್ಚಿದೆವು. ಮೇಣದ ಮೇಲೆ ಬಣ್ಣ ನಿಲ್ಲದೆ ಹನಿಹನಿಯಾಗಿ ಜಾರಿತು. ಪಾತ್ರೆ ತೊಳೆಯುವ ಸೋಪಿನ ಎರಡು ತೊಟ್ಟು ಬೆರೆಸಿದ ಮೇಲೆ ಹಿಡಿಯಿತು. ಒಣಗಿದ ಮೇಲೆ ಖಾಲಿ ಬಾಲ್‌ಪೆನ್ನಿನಿಂದ ಗೀರಿದರೆ, ಆಹಾ, ಅಡಿಯಿಂದ ಕೆಂಪು, ಹಸಿರು, ಹಳದಿ! ಮೊಮ್ಮಗಳು ಒಂದು ಮೀನು ಗೀರಿ, ಮೀನಿನ ಮೇಲೆ ಇನ್ನೊಂದು ಮೀನು ಗೀರಿ, ಕೊನೆಗೆ ಹಾಳೆಯನ್ನೇ ಹರಿದಳು. ನಾನು ಧೈರ್ಯ ಮಾಡಿ ಅಂಗಡಿಯಿಂದ ನಿಜವಾದ ಸ್ಕ್ರ್ಯಾಚ್‌ಬೋರ್ಡ್ ತಂದೆ, ಅಂಗೈಯಗಲದ್ದು. ಅವಳು ಮಲಗಿದ್ದಾಗ ಅವಳ ಕಿವಿ ಬರೆಯಲು ಕೂತೆ. ಬ್ಲೇಡಿನ ಮೊನೆ ಊರಿದೆ. ಚರ್ ಎಂದು ಮೆಲ್ಲಗೆ ಒಂದು ಸದ್ದು. ಕಪ್ಪು ಪುಡಿ ಎದ್ದು ಗೀರಿನ ಬದಿಗೆ ಕೂತಿತು. ಒರೆಸಲು ಹೋದೆ, ಹಲಗೆಗೆಲ್ಲ ಬಳಿದುಕೊಂಡಿತು. ಒರೆಸಬಾರದು, ಊದಬೇಕು ಅಥವಾ ಮೃದು ಕುಂಚದಿಂದ ಗುಡಿಸಬೇಕು ಎಂದು ಆಮೇಲೆ ತಿಳಿಯಿತು. ಹತ್ತನೇ ಗೀರಿಗೇ ಹಳೆಯ ಅಭ್ಯಾಸ ಮೇಲೆ ಬಂದು ಕಿವಿಯ ನೆರಳನ್ನು ಗೀರಿಬಿಟ್ಟೆ. ನೆರಳೆಲ್ಲ ಬೆಳಕಾಗಿ, ಕಿವಿ ಒಳಗಿನಿಂದ ದೀಪ ಹಚ್ಚಿದ ಬದನೆಕಾಯಿಯಂತೆ ಕಂಡಿತು. ತಪ್ಪಿದ ಕಡೆ ಮಸಿ ಹಚ್ಚಿ ಮತ್ತೆ ಗೀರಬಹುದು. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆಮೇಲೆ ಮಣ್ಣೇ ಕಿತ್ತುಬಂದು ಅಡಿಯ ಹಲಗೆ ಇಣುಕುತ್ತದೆ. ಒಂದೂವರೆ ಗಂಟೆ ಕೂತು ಉಗುರಿನಷ್ಟು ಜಾಗ ತುಂಬಿಸಿದ್ದೆ, ಬೆರಳು ಮರಗಟ್ಟಿತ್ತು. ಅಂಥ ಹಲಗೆಗಳಲ್ಲಿ ಇಡೀ ಪುಸ್ತಕ! ಒಂದಲ್ಲ, ಹತ್ತಾರು!

ಒಂದು ತಕರಾರು ಮಾತ್ರ ಹೇಳಿಬಿಡುತ್ತೇನೆ. ಈಚಿನ ಪುಸ್ತಕಗಳಲ್ಲಿ ಪಿಂಕ್ನಿ ಗೀರುಹಲಗೆ ಬಿಟ್ಟು ಶಾಯಿ, ಜಲವರ್ಣದತ್ತ ಹೊರಳಿದ್ದಾರೆ. 1960ರಲ್ಲಿ ಗ್ರೀನ್ಸ್‌ಬರೋದ ಬಿಳಿಯರಿಗಷ್ಟೇ ಬಡಿಸುತ್ತಿದ್ದ ಊಟದ ಕೌಂಟರಿನಲ್ಲಿ ಧರಣಿ ಕೂತ ನಾಲ್ವರು ಕಪ್ಪು ಹುಡುಗರ ಬಗ್ಗೆ 2010ರಲ್ಲಿ ಬಂದ 'ಸಿಟ್-ಇನ್' ಹಾಗೆ ಬರೆದದ್ದು. ಚೆನ್ನಾಗಿಲ್ಲ ಅನ್ನಲಾರೆ. ಕುಂಚ ಗಾಳಿಯ ಹಾಗೆ ಓಡಿದೆ, ಕೈಯಲ್ಲಿ ಅದೇ ಡ್ರಮ್ಮರ್ ಕೂತಿದ್ದಾನೆ. ಆದರೂ ಆ ಚರ್ ಸದ್ದು ಕೇಳಿದ ಕಿವಿಗೆ ಅಲ್ಲಿ ಏನೋ ಕಮ್ಮಿ. ಇದು ಹೊಸ ಹುಚ್ಚು ಹತ್ತಿದವನ ಹಟ ಇರಬಹುದು.

ಎಂಟು ಪುಸ್ತಕಗಳನ್ನು ಹಿಂದಿರುಗಿಸುವ ದಿನ ಬಂದಾಗ ಚೀಲದಲ್ಲಿ ಆರೇ ಇದ್ದವು. ಮ್ಯಾಕ್ಸ್ ಮೊಮ್ಮಗಳ ದಿಂಬಿನ ಕೆಳಗಿದ್ದ, ಡ್ಯೂಕ್ ಎಲಿಂಗ್ಟನ್ ನನ್ನ ದಿಂಬಿನ ಕೆಳಗೆ. ಮಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಫೋನ್ ತೆಗೆದು ಎರಡನ್ನೂ ಮೂರು ವಾರ ರಿನ್ಯೂ ಮಾಡಿದಳು.